ಬಲ್ಬು ಭಾವನ ಮೂರು ಗೂಡಿನ ಪೆಟ್ಟಿಗೆ

ನಮ್ಮ ಭಾವನ ಅಂಗಡಿಗೆ ಹೋದವರಿಗೆ ಬಲ್ಬು ಸಿಕ್ಕೇ ಸಿಗುತ್ತೆ ಅಂತ ನಾನೇನೂ ಮಾತು ಕೊಡಲ್ಲ. ಪ್ರಶ್ನೆಗಳಂತೂ ಸಿಗುತ್ತವೆ. ಯಾವ ಕೋಣೆಗೆ? ಕಿಟಕಿ ಯಾವ ಕಡೆ? ಗಿಡ ಯಾವುದು, ಹೂ ಬಿಡೋದೋ ಬರೀ ಎಲೆಯದೋ? ಆ ಕೋಣೆಯಲ್ಲಿ ಯಾರು ಕೂರ್ತಾರೆ, ದಿನಕ್ಕೆ ಎಷ್ಟು ಹೊತ್ತು ಕೂರ್ತಾರೆ, ಅವರ ಮುಖಾನ ಹಗಲು ಬೆಳಕಲ್ಲಿ ಯಾರಾದ್ರೂ ನೋಡ್ತಾರಾ? ಈ ಕೊನೇ ಪ್ರಶ್ನೆ ಕೇಳಿದ ಕೂಡಲೇ ಅರ್ಧ ಜನ ನಗ್ತಾರೆ, ಇನ್ನರ್ಧ ಜನ ಎದುರು ಸಾಲಿನ ಅಂಗಡಿಗೆ ನಡೀತಾರೆ. "ಒಂದು ಬಲ್ಬು ಕೇಳಿದ್ರೆ ವಾರ್ಷಿಕ ಪರೀಕ್ಷೆ ಇಡ್ತಾರಪ್ಪ" ಅನ್ನೋ ಬೀದಿಯವರು ಅವರಿಗೆ ಪ್ರಶ್ನೆ ಮೇಷ್ಟ್ರು ಅಂತ ಹೆಸರಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಅವರು ಮೊದಲಿಂದಲೂ ಬಲ್ಬು ಭಾವ.

ಅಂಗಡಿಯ ಕಟ್ಟೆ ಮೇಲೆ ಒಂದು ಮರದ ಪೆಟ್ಟಿಗೆ ಇದೆ, ಅವರೇ ಮಾಡಿದ್ದು. ಪಾರಿವಾಳಕ್ಕೆ ಮಾಡೋ ಹಾಗೆ ಮೂರು ಗೂಡು. ಒಂದರೊಳಗೆ ಹಳದಿ ಬಲ್ಬು, ಇನ್ನೊಂದರೊಳಗೆ ಗಿಡಕ್ಕೆ ಹಾಕೋ ಗುಲಾಬಿ ಬಣ್ಣದ ಟ್ಯೂಬು, ಮೂರನೇದರಲ್ಲಿ ಬಿಳಿ ಬಲ್ಬು. ಒಂದೊಂದರಲ್ಲೂ ಅರ್ಧ ಹಸಿರು, ಅರ್ಧ ಹಳದಿಗೆ ತಿರುಗಿದ ಒಂದು ಎಲೆ ಇಟ್ಟಿರ್ತಾರೆ. ಬಂದವರು ಮೊದಲು ಎಲೆ ನೋಡಬೇಕು, ಆಮೇಲೆ ತಮ್ಮ ಕೈ ಒಳಗೆ ಹಾಕಿ ನೋಡಬೇಕು. "ಯಾವುದರಲ್ಲಿ ಅದು ನಿಮ್ಮದೇ ಕೈ ಅನ್ನಿಸುತ್ತೋ ಅದನ್ನ ತಗೊಳ್ಳಿ" ಅಂತಾರೆ ಭಾವ. ಹೆಚ್ಚು ಕಮ್ಮಿ ಎಲ್ಲರೂ ಮೂರನೇದನ್ನೇ ತಗೋತಾರೆ.

ಈ ಪೆಟ್ಟಿಗೆ ಯಾಕೆ ಬಂತು ಅಂತ ಬೀದಿಯವರಿಗೆ ಗೊತ್ತಿಲ್ಲ. ಅದು ಬಂದದ್ದು ನಮ್ಮಕ್ಕ ಹೋದ ಮೇಲೆ. ಮೂರು ವರ್ಷ ನಾನು ಆ ಪೆಟ್ಟಿಗೆ ನೋಡಿರಲಿಲ್ಲ, ಭಾವನ ಮುಖವನ್ನೂ ನೋಡಿರಲಿಲ್ಲ. ಅಕ್ಕ ಸಾಯೋದಕ್ಕೆ ಅವರೇ ಕಾರಣ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳ್ಕೊಂಡು ತಿರುಗಿದವಳು ನಾನು. ಹಾಗೆ ಹೇಳಿದ್ದು ಸರಿಯಾ ತಪ್ಪಾ ಅಂತ ತಿಳಿಯಕ್ಕೆ ಮೂರು ವರ್ಷ ಬೇಕಾಯ್ತು. ಅದನ್ನೇ ಈಗ ಹೇಳಕ್ಕೆ ಕೂತಿದ್ದೀನಿ.

ಮೊದಲು ನನ್ನ ವಿಷಯ ಎರಡು ಮಾತು. ನಾನು ರಫು ಮಾಡೋಳು. ಕೋಟಿಗೆ ಸಿಗರೇಟು ತಾಗಿ ತೂತಾಗಿರುತ್ತೆ, ಶಾಲು ಹುಳ ತಿಂದಿರುತ್ತೆ, ಅದಕ್ಕೆ ಅದೇ ಬಣ್ಣದ ದಾರ ಹುಡುಕಿ ಎಳೆ ಎಳೆಯಾಗಿ ನೇಯ್ದು, ತೂತು ಇತ್ತು ಅನ್ನೋದೇ ಗೊತ್ತಾಗದ ಹಾಗೆ ಮುಚ್ಚೋದು ನನ್ನ ಕಸುಬು. ಮೂವತ್ತು ವರ್ಷದಿಂದ ಇದನ್ನೇ ಮಾಡ್ತಾ ಇದ್ದೀನಿ. ಕೈ ಮೆತ್ತಗೆ, ಬಾಯಿ ಮಾತ್ರ ಚೂಪು. ಕೋಪ ಮೂಗಿನ ತುದೀಲೇ ಕೂತಿರುತ್ತೆ. ಅದಕ್ಕೇ ಭಾವ ನನ್ನನ್ನ ಕತ್ತರಿ ಅಂತಿದ್ರು. "ಬಾಗಿಲು ತೆಗಿ ನೋಡೇ, ಕತ್ತರಿ ಬಂತು" ಅಂತ ಅಕ್ಕನಿಗೆ ಕೂಗಿ ಹೇಳ್ತಿದ್ರು.

ಅವರು ನಮ್ಮ ಮನೆಗೆ ಮೊದಲು ಬಂದದ್ದು ವೈರಿಂಗ್ ಕೆಲಸದವರಾಗಿ. ನಡುಮನೆಯ ಟ್ಯೂಬ್‌ಲೈಟು ಒಂದು ವಾರದಿಂದ ಮಿಣುಕ್ತಾ ಇತ್ತು. ಅಕ್ಕ ಸ್ಟೂಲು ಹಿಡ್ಕೊಂಡಿದ್ದಳು, ಅವರು ಮೇಲೆ ಹತ್ತಿ ಏನೋ ತಿರುಗಿಸ್ತಿದ್ರು. ದೀಪ ಹತ್ತಿದ ಮೇಲೆ ಕೆಳಗೆ ಬಗ್ಗಿ ನೋಡಿ, "ಈಗ ಸರಿಯಾಗಿ ಕಾಣ್ತೀರಿ" ಅಂದ್ರು. ಅಕ್ಕ ಹದಿನೈದು ದಿನ ಅದನ್ನೇ ಹೇಳ್ಕೊಂಡು ನಕ್ಕಳು. ಆಮೇಲೆ ಅವರನ್ನೇ ಮದುವೆಯಾದಳು.

ಅವರ ಮನೆ ಒಂದು ಹಳೇ ಕಟ್ಟಡದ ನೆಲ ಅಂತಸ್ತಿನ ಹಿಂಭಾಗದಲ್ಲಿತ್ತು. ಎರಡು ಕೋಣೆ, ಒಂದು ಸಣ್ಣ ಅಡುಗೆಮನೆ. ಅಕ್ಕ ಮನೆಯಲ್ಲೇ ಕೂತು ನೋಟ್‌ಬುಕ್ ಹೊಲಿದು ಕೊಡ್ತಿದ್ದಳು. ಪ್ರೆಸ್ಸಿನವರ ಹತ್ತಿರ ಹಾಳೆಗಳ ಕಟ್ಟು ತಂದು, ಮಡಚಿ, ಹೊಲಿದು, ಬೆನ್ನಿಗೆ ಅಂಟು ಹಚ್ಚಿ ವಾಪಸ್ ಕೊಡೋದು. ಹಿಂದಿನ ಕೋಣೆಯ ಕಿಟಕಿ ಹತ್ತಿರ ಅವಳ ಚಾಪೆ, ಚಾಪೆಯ ಸುತ್ತ ಗಿಡ. ಮಕ್ಕಳಿರಲಿಲ್ಲ. ಯಾರಾದ್ರೂ ಎಷ್ಟು ಜನ ಅಂತ ಕೇಳಿದ್ರೆ, "ಹತ್ತೊಂಬತ್ತು, ಎಲ್ಲ ಕುಂಡದಲ್ಲಿವೆ" ಅಂತಿದ್ದಳು. ಮನಿ ಪ್ಲಾಂಟ್, ಜರೀಗಿಡ, ಮಚ್ಚೆ ಮಚ್ಚೆ ಎಲೆಯ ಬಿಗೋನಿಯಾ, ಇನ್ನೂ ಏನೇನೋ. ಬಿಗೋನಿಯಾ ಅಂದ್ರೆ ಅವಳಿಗೆ ಜೀವ.

ಆಗ ಪಕ್ಕದ ಖಾಲಿ ಜಾಗದಲ್ಲಿ ಆರು ಅಂತಸ್ತು ಎದ್ದು ನಿಂತಿತು. ಅಕ್ಕನ ಕಿಟಕಿಗೂ ಆ ಗೋಡೆಗೂ ಮಧ್ಯೆ ಒಂದು ಕೊಡೆ ಬಿಚ್ಚೋವಷ್ಟೂ ಜಾಗ ಉಳೀಲಿಲ್ಲ. ಹಗಲು ಹನ್ನೆರಡಕ್ಕೂ ಕೋಣೆ ಮಬ್ಬು. ಗಿಡಗಳೆಲ್ಲ ಕತ್ತು ಉದ್ದ ಮಾಡ್ಕೊಂಡು ಕಿಟಕಿ ಕಡೆ ವಾಲಿದ್ವು, ಎಲೆ ಸಣ್ಣಗಾದ್ವು, ಬಿಗೋನಿಯಾ ಒಂದೊಂದೇ ಎಲೆ ಉದುರಿಸಕ್ಕೆ ಶುರು ಮಾಡ್ತು. ಅಕ್ಕನಿಗೆ ಊಟ ಸೇರದ ಹಾಗಾಯ್ತು. "ರೀ, ಊರಿಗೆಲ್ಲ ದೀಪ ಹಾಕ್ತೀರಿ. ನಮ್ಮ ಮನೇಲಿ ಇವು ಕತ್ತಲಲ್ಲಿ ಸಾಯ್ತಾ ಇವೆ" ಅಂದಳಂತೆ.

ಅಷ್ಟು ಹೇಳಿದ್ದೇ ಸಾಕಾಯ್ತು. ಭಾವ ಒಂದು ವಾರ ಎಲ್ಲೆಲ್ಲೋ ವಿಚಾರಿಸಿ, ನರ್ಸರಿಯವರ ತಲೆ ತಿಂದು, ಕೊನೆಗೆ ನಾಲ್ಕು ಟ್ಯೂಬು ತಂದ್ರು. ಹತ್ತಿಸಿದ್ರೆ ಇಡೀ ಕೋಣೆ ನೇರಳೆಗೆ ತಿರುಗಿದ ಗುಲಾಬಿ. "ಗಿಡ ತಿನ್ನೋದು ಕೆಂಪು ಬೆಳಕು, ನೀಲಿ ಬೆಳಕು. ಹಸಿರು ಬೆಳಕನ್ನ ಅದು ಹೆಚ್ಚುಪಾಲು ವಾಪಸ್ ಎಸೆಯುತ್ತೆ, ಅದಕ್ಕೇ ನಮಗೆ ಹಸಿರಾಗಿ ಕಾಣೋದು. ಈ ಟ್ಯೂಬಿನಲ್ಲಿ ಬೇಡದ್ದು ಏನೂ ಇಲ್ಲ, ಬರೀ ಊಟ" ಅಂತ ನನಗೆ ಪಾಠ ಹೇಳಿದ್ರು. ಎಲೆಯಿಂದ ಒಂದು ಮೊಳ ಮೇಲೆ ಕಟ್ಟಿದ್ರು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ಅದಕ್ಕೊಂದು ಟೈಮರ್. ಗಿಡಕ್ಕೂ ನಿದ್ದೆ ಬೇಕಂತೆ.

ಸುಳ್ಳು ಯಾಕೆ ಹೇಳಲಿ, ಗಿಡಗಳು ಎದ್ದು ನಿಂತ್ವು. ಎರಡೇ ತಿಂಗಳಲ್ಲಿ ಮನಿ ಪ್ಲಾಂಟ್ ಗೋಡೆ ಹತ್ತಿತು, ಬಿಗೋನಿಯಾ ಅಂಗೈಯಗಲ ಎಲೆ ಬಿಡ್ತು. ಮೇಲಿನ ಮನೆಯಾಕೆ ಇಣುಕಿ ನೋಡಿ, "ಏನ್ರೀ, ಮನೇಲಿ ನಾಟಕದ ಕಂಪನಿ ಇಟ್ಟಿದ್ದೀರಾ?" ಅಂತ ಕೇಳಿದ್ರು. ಅಕ್ಕ ನಕ್ಕಿದ್ದೇ ನಕ್ಕಿದ್ದು. ಆ ಬೆಳಕಿನಲ್ಲಿ ಎಲೆಗಳು ಕಪ್ಪಗೆ ಕಾಣ್ತಿದ್ವು, ನಮ್ಮ ಹಲ್ಲು ನೇರಳೆ, ಮುಖ ಎಲ್ಲರದ್ದೂ ಒಂದೇ ಬಣ್ಣ. ಒಂದು ವಾರ ವಿಚಿತ್ರ ಅನ್ನಿಸ್ತು, ಆಮೇಲೆ ಕಣ್ಣು ಒಗ್ಗಿಹೋಯ್ತು.

ಭಾವ ಒಂದು ನಿಯಮ ಮಾಡಿದ್ರು. ಈ ದೀಪದಲ್ಲಿ ಎಲೆಗೆ ರೋಗ ಬಂದ್ರೆ ಕಾಣಲ್ಲ, ಹಳದಿ ಆದ್ರೂ ಕಾಣಲ್ಲ. ಆದ್ದರಿಂದ ಪ್ರತಿ ಭಾನುವಾರ ಗುಲಾಬಿ ದೀಪ ಆರಿಸಿ, ಒಂದು ಬಿಳಿ ಬಲ್ಬು ಹತ್ತಿಸಿ, ಐದು ನಿಮಿಷ ಪ್ರತಿ ಗಿಡವನ್ನೂ ತಿರುಗಿಸಿ ನೋಡಬೇಕು. ಹಳದಿ ಎಲೆ ಸಿಕ್ಕಿದ್ರೆ ಯಾಕೆ ಹಳದಿ ಆಯ್ತು ಅಂತ ಹುಡುಕಬೇಕು. ಒಂದು ಭಾನುವಾರಾನೂ ತಪ್ಪಿಸಿದವರಲ್ಲ. ಆ ಐದು ನಿಮಿಷ ಅಕ್ಕ ಅಡುಗೆಮನೆಯಲ್ಲಿ ನಮಗೆ ಚಹಾ ಮಾಡ್ತಿರ್ತಿದ್ದಳು. ಅಡುಗೆಮನೆಯಲ್ಲೂ ಮುಂದಿನ ಕೋಣೆಯಲ್ಲೂ ಹಳೇ ಕಾಲದ ಹಳದಿ ಬಲ್ಬು. ಊರಿಗೆಲ್ಲ ದೀಪ ಬದಲಾಯಿಸೋರು, ಅವೆರಡನ್ನ ನಾಳೆ ನಾಡಿದ್ದು ಅಂತ ಮುಂದಕ್ಕೆ ಹಾಕ್ತಾನೇ ಇದ್ರು.

ನಾನು ಪ್ರತಿ ಭಾನುವಾರ ಹೋಗ್ತಿದ್ದೆ. ನಾನು ಹೋಗೋ ಹೊತ್ತಿಗೆ ಗಿಡದ ತಪಾಸಣೆ ನಡೀತಿರ್ತಿತ್ತು. ಅದು ಮುಗಿದು ಗುಲಾಬಿ ದೀಪ ಹತ್ತಿದ ಮೇಲೆ ಅಕ್ಕ ಚಹಾ ತಂದು ಚಾಪೆ ಮೇಲೆ ಕೂರ್ತಿದ್ದಳು. ಅವಳು ಹಾಳೆ ಮಡಚೋದು, ನಾನು ಹೊಲಿಯೋದು, ಇಬ್ಬರೂ ಸೇರಿ ಊರಿನ ಸುದ್ದಿಯನ್ನೆಲ್ಲ ಹಿಂಜೋದು. ಸಂಜೆ ತನಕ ಅದೇ.

ಮಾರನೇ ವರ್ಷ ಮಳೆಗಾಲದಲ್ಲಿ ಅಕ್ಕ ಸುಸ್ತು ಅನ್ನಕ್ಕೆ ಶುರು ಮಾಡಿದಳು. ಹಸಿವಿಲ್ಲ ಅಂದಳು. ಮೈಯೆಲ್ಲ ನವೆ ಅಂದಳು. "ಈ ಪುಸ್ತಕದ ಅಂಟು ಮೈಗೆ ಆಗ್ತಿಲ್ಲ ಅನ್ಸುತ್ತೆ ಕಣೆ" ಅಂದಳು, ನಾನೂ ಹೌದು ಅಂದೆ. ಮೂತ್ರ ಕಡು ಬಣ್ಣಕ್ಕೆ ಹೋಗ್ತಿದೆ ಅಂದಿದ್ದಕ್ಕೆ, "ನೀರು ಕುಡಿಯಲ್ಲ ನೀನು, ಇನ್ನೇನಾಗುತ್ತೆ?" ಅಂತ ಗದರಿದೆ. ಮಳೆ, ಸುಸ್ತು ಎರಡೂ ಸೇರಿ ಅವಳು ಹೊರಗೆ ಹೋಗೋದು ನಿಂತೇ ಹೋಯ್ತು. ಹಾಳೆ ಕಟ್ಟುಗಳನ್ನ ಭಾವನೇ ತಂದು ಕೊಟ್ಟು ಮಾಡ್ತಿದ್ರು. ಒಂದೂವರೆ ತಿಂಗಳು, ಹೆಚ್ಚೇ ಇರಬೇಕು, ಅವಳು ಆ ಗುಲಾಬಿ ಕೋಣೆಗೂ ಹಳದಿ ಅಡುಗೆಮನೆಗೂ ಮಧ್ಯೆ ಓಡಾಡಿಕೊಂಡು ಇದ್ದಳು.

ಕಂಡುಹಿಡಿದವನು ಮೀಟರ್ ಓದೋನು. ಮಳೆ ನಿಂತು ಬಿಸಿಲು ಬಂದಿದ್ದ ಒಂದು ಮಧ್ಯಾಹ್ನ ಬಂದ. ಮೀಟರ್ ಪೆಟ್ಟಿಗೆ ಬೀಗ ತೆಗೆಯಕ್ಕೆ ಅಕ್ಕ ಕೀಲಿ ಹಿಡಿದು ಬಾಗಿಲ ಮೆಟ್ಟಿಲಿಗೆ ಬಂದಳು. ಅವನು ಅಂಕಿ ಬರ್ಕೊಂಡು ತಲೆ ಎತ್ತಿದವನು ಪುಸ್ತಕ ಮುಚ್ಚೋದನ್ನ ಮರೆತುಬಿಟ್ಟನಂತೆ. "ಅಮ್ಮ, ಕನ್ನಡಿ ನೋಡ್ಕೊಂಡ್ರಾ? ನಿಮ್ಮ ಕಣ್ಣು ಪೂರ್ತಿ ಹಳದಿ ಆಗಿದೆ. ಇವತ್ತೇ ಆಸ್ಪತ್ರೆಗೆ ಹೋಗಿ" ಅಂದ. ಎರಡು ತಿಂಗಳಿಗೊಮ್ಮೆ ಎರಡು ನಿಮಿಷ ಬರೋನಿಗೆ ಕಂಡದ್ದು ನಮಗೆ ಕಂಡಿರಲಿಲ್ಲ.

ಡಾಕ್ಟರಮ್ಮ ಮೊದಲು ಕೇಳಿದ್ದು, "ಎಷ್ಟು ದಿನದಿಂದ ಹಳದಿ ಇದೆ?" ಅಂತ. ಭಾವ ನನ್ನ ಮುಖ ನೋಡಿದ್ರು, ನಾನು ಅವರ ಮುಖ ನೋಡಿದೆ. ಯಾರಿಗೂ ಗೊತ್ತಿಲ್ಲ. ಪಿತ್ತ ಹರಿಯೋ ನಾಳದಲ್ಲಿ ಗಡ್ಡೆ. "ಎರಡು ತಿಂಗಳು ಮುಂಚೆ ಬಂದಿದ್ರೆ ಆಪರೇಷನ್ ಮಾಡಬಹುದಿತ್ತೇನೋ. ಆಗ್ಲೂ ಆಗ್ತಿರಲಿಲ್ಲವೇನೋ. ಈಗ ಅದನ್ನ ಹೇಳಕ್ಕಾಗಲ್ಲ" ಅಂದ್ರು. ಆ ಎರಡನೇ "ಏನೋ" ನನ್ನ ಕಿವಿಗೆ ಬೀಳಲೇ ಇಲ್ಲ. ಮೊದಲನೇದನ್ನ ಗಂಟು ಹಾಕ್ಕೊಂಡು ಮನೆಗೆ ಬಂದೆ.

ಅಕ್ಕನನ್ನ ಮನೆಗೆ ಕರ್ಕೊಂಡು ಬರೋ ಹೊತ್ತಿಗೆ ಭಾವ ಆ ನಾಲ್ಕೂ ಟ್ಯೂಬು ಕಿತ್ತು ಹಾಕಿದ್ರು. ಬಿಳಿ ದೀಪ ಕಟ್ಟಿದ್ರು, ಹಗಲಿನ ಬಣ್ಣಗಳೆಲ್ಲ ಅದರಲ್ಲಿ ಇರೋ ಜಾತಿಯದು. ಅಡುಗೆಮನೆಗೂ ಮುಂದಿನ ಕೋಣೆಗೂ ಅದೇ. ಹಾಸಿಗೆಯಲ್ಲಿ ಮಲಗಿದವಳ ಕಣ್ಣಿಗೆ ನೇರ ಹೊಡೀಬಾರದು ಅಂತ ಒಂದು ತಗಡು ಬಗ್ಗಿಸಿ ಮರೆ ಮಾಡಿದ್ರು. ಗಿಡ ಇದರಲ್ಲೂ ಬೆಳೆಯುತ್ತೆ, ಸ್ವಲ್ಪ ನಿಧಾನ, ಅಷ್ಟೇ. ಮೊದಲೇ ಇದನ್ನ ಹಾಕಬಹುದಿತ್ತು. ಗಿಡಕ್ಕೂ ಆಗ್ತಿತ್ತು, ಮನುಷ್ಯರಿಗೂ ಆಗ್ತಿತ್ತು.

ಅಕ್ಕ ದಿಂಬಿಗೆ ಒರಗಿ ಬಹಳ ಹೊತ್ತು ನೋಡಿದಳು. "ಎಷ್ಟು ಹಸಿರಾಗಿವೆ ಕಣ್ರೀ. ಒಂದೂವರೆ ವರ್ಷದಿಂದ ಇವುಗಳ ಬಣ್ಣಾನೇ ಮರೆತಿದ್ದೆ" ಅಂದಳು. ಆಮೇಲೆ ತನ್ನ ಕೈಯನ್ನ ಬಿಗೋನಿಯಾ ಪಕ್ಕ ಇಟ್ಟು, ಹಿಂದೆ ಮುಂದೆ ತಿರುಗಿಸಿ ನೋಡ್ಕೊಂಡಳು. "ಇದು ಮಾತ್ರ ಹಳೇ ಎಲೆ. ಉದುರೋ ತನಕ ಕೀಳಬೇಡಿ" ಅಂತ ನಕ್ಕಳು. ಭಾವ ಎದ್ದು ಅಡುಗೆಮನೆಗೆ ಹೋದ್ರು. ನಲ್ಲಿ ಬಿಟ್ಟ ಸದ್ದು ಕೇಳಿಸ್ತು. ನೀರು ಬಹಳ ಹೊತ್ತು ಹರಿದು ಹೋಗ್ತಾನೇ ಇತ್ತು.

ನಾಲ್ಕು ತಿಂಗಳು ಇದ್ದಳು.

ಎಲ್ಲ ಮುಗಿಸಿ ಮನೆಗೆ ಬಂದ ದಿನ, ನೆಂಟರೆಲ್ಲ ಮುಂದಿನ ಕೋಣೆಯಲ್ಲಿ ಕೂತಿದ್ದಾಗ, ನನ್ನ ಬಾಯಿಗೆ ಕಡಿವಾಣ ಇರಲಿಲ್ಲ. "ಎಲೆ ಹಳದಿ ಆದ್ರೆ ಕಾಣ್ಲಿ ಅಂತ ವಾರ ವಾರ ಬಿಳಿ ದೀಪ ಹಾಕಿದ್ರಿ. ನಮ್ಮಕ್ಕನಿಗೆ ಒಂದು ದಿನಾನೂ ಹಾಕಲಿಲ್ಲ. ಹತ್ತೊಂಬತ್ತು ಕುಂಡ ಉಳಿಸಿಕೊಂಡ್ರಿ, ಅವಳನ್ನ ಕಳೆದ್ರಿ" ಅಂದೆ. ನಮ್ಮ ದೊಡ್ಡಮ್ಮ ನನ್ನ ಕೈ ಹಿಡಿದು ಎಳೆದ್ರು. ಭಾವ ಕೆಳಗೆ ನೋಡ್ಕೊಂಡು ನಿಂತಿದ್ರು, ಒಂದು ಮಾತೂ ಆಡಲಿಲ್ಲ. ಸುಮ್ಮನಿದ್ದಾರೆ ಅಂದ್ರೆ ತಪ್ಪು ಒಪ್ಪಿದ ಹಾಗೆ ಅಂತ ನಾನು ಲೆಕ್ಕ ಹಾಕಿದೆ. ಅಕ್ಕ ಯಾವಾಗಲೋ ಕೊಟ್ಟಿದ್ದ ಬಿಗೋನಿಯಾದ ಒಂದು ಕುಂಡ ನನ್ನ ಅಂಗಡಿಯಲ್ಲಿತ್ತು. ಅದನ್ನ ಬಿಟ್ಟು ಆ ಮನೆಯ ಸಂಬಂಧ ಎಲ್ಲ ಕಡಿದುಹಾಕಿದೆ.

ಭಾವ ವೈರಿಂಗ್ ಕೆಲಸ ಬಿಟ್ಟು ಬಲ್ಬಿನ ಅಂಗಡಿ ಇಟ್ರು ಅಂತ ಕೇಳಿದೆ. ಗಿರಾಕಿಗಳಿಗೆ ಏನೇನೋ ಕೇಳ್ತಾರಂತೆ, ತಲೆ ಸ್ವಲ್ಪ ಹೋಗಿದೆ ಅಂತಾನೂ ಕೇಳಿದೆ. ಹೋಗ್ಲಿ ಅಂದ್ಕೊಂಡೆ. ನಿಜ ಹೇಳ್ತೀನಿ, ಒಳಗೊಳಗೇ ಸಮಾಧಾನ ಆಯ್ತು.

ಮೂರು ವರ್ಷ ಹೀಗೇ ಕಳೀತು. ಹೋದ ವರ್ಷ ನನ್ನ ಅಂಗಡಿ ಇದ್ದ ಕಟ್ಟಡ ಕೆಡವಿದ್ರು. ಬೇರೆ ಕಡೆ ಸಿಕ್ಕಿದ್ದು ನೆಲಮಾಳಿಗೆ. ಹತ್ತು ಮೆಟ್ಟಿಲು ಕೆಳಗೆ, ಕಿಟಕಿ ಇಲ್ಲ, ಒಂದು ಮಬ್ಬು ಟ್ಯೂಬು. ಮೊದಲನೇ ತಿಂಗಳೇ ಒಬ್ಬರು ವಕೀಲರ ಕರೀ ಕೋಟಿಗೆ ಕಡುನೀಲಿ ದಾರದಲ್ಲಿ ರಫು ಮಾಡಿ ಕೊಟ್ಟೆ. ಅವರು ಬಿಸಿಲಲ್ಲಿ ನೋಡಿ ವಾಪಸ್ ತಂದು ಮೇಜಿನ ಮೇಲೆ ಹಾಕಿದಾಗ ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಮೂವತ್ತು ವರ್ಷದಲ್ಲಿ ಅಂಥ ತಪ್ಪು ಆಗಿರಲಿಲ್ಲ. ಇತ್ತ ಬಿಗೋನಿಯಾನೂ ಎಲೆ ಉದುರಿಸ್ತಿತ್ತು. ಎದುರು ಸಾಲಿನ ಅಂಗಡಿಯಲ್ಲಿ ವಿಚಾರಿಸಿದ್ರೆ, "ಬಣ್ಣಾನೂ ಸರಿ ಕಾಣಬೇಕು, ಗಿಡಾನೂ ಉಳೀಬೇಕು ಅಂದ್ರೆ ಪ್ರಶ್ನೆ ಮೇಷ್ಟ್ರ ಹತ್ತಿರಾನೇ ಹೋಗಿ" ಅಂದ್ರು. ಅಕ್ಕನ ಗಿಡ ನನ್ನ ಕೈಯಲ್ಲೂ ಸತ್ತರೆ ನಾನು ಯಾವ ಮುಖ ಇಟ್ಕೊಂಡು ಮಾತಾಡಲಿ? ಹಲ್ಲು ಕಚ್ಚಿ ಹೋದೆ.

ಭಾವನ ತಲೆ ಪೂರ್ತಿ ನೆರೆತಿತ್ತು. ನನ್ನನ್ನ ಕಂಡು ಕಿವಿ ಮೇಲಿದ್ದ ಪೆನ್ಸಿಲ್ ತೆಗೆದ್ರು.

"ಯಾವ ಕೋಣೆಗೆ?"

"ಅಂಗಡಿಗೆ."

"ಕಿಟಕಿ?"

"ಇಲ್ಲ. ನೆಲಮಾಳಿಗೆ."

"ಗಿಡ?"

"ಒಂದಿದೆ. ಬಿಗೋನಿಯಾ."

ಪೆನ್ಸಿಲ್ ನಿಂತಿತು. ಯಾವ ಬಿಗೋನಿಯಾ ಅಂತ ಅವರು ಕೇಳಲಿಲ್ಲ.

"ಅಲ್ಲಿ ಕೂರೋರ ಕೆಲಸ?"

"ನಿಮಗೆ ಗೊತ್ತಿಲ್ವಾ?" ಅಂದೆ, ಸಿಡುಕಿನಿಂದಲೇ.

"ಎಲ್ಲರನ್ನೂ ಕೇಳ್ತೀನಿ."

"ರಫು. ದಾರದ ಬಣ್ಣ ನೋಡಬೇಕು."

"ಇಷ್ಟು ವರ್ಷ ಹೇಗೆ ನೋಡ್ತಿದ್ದೆ?"

"ಇನ್ನು ಹೇಗೆ? ದೀಪದ ಬೆಳಕನ್ನ ನಂಬಕ್ಕಾಗುತ್ತಾ? ಪ್ರತಿಯೊಂದನ್ನೂ ಬಾಗಿಲಿಗೆ ತಂದು, ಹಗಲಲ್ಲಿ..."

ಮಾತು ಅಲ್ಲಿಗೇ ನಿಂತಿತು. ಭಾವ ಪೆನ್ಸಿಲ್ ಹಿಡಿದು ಕಾಯ್ತಾ ಇದ್ರು. ಮೂವತ್ತು ವರ್ಷ. ಒಂದು ಎಳೆ ದಾರ, ಒಂದು ಚೂರು ಬಟ್ಟೆ, ಯಾರದೋ ಕೋಟು, ನೆಲಮಾಳಿಗೆಗೆ ಇಳಿಯೋ ತನಕ ಯಾವುದನ್ನೂ ಬಾಗಿಲಿಗೆ ತಂದು ನೋಡದೆ ನಾನು ಸೂಜಿ ಎತ್ತಿದವಳಲ್ಲ. ದೀಪ ಮೋಸ ಮಾಡುತ್ತೆ ಅಂತ ಈ ಊರಲ್ಲಿ ಯಾರಿಗಾದ್ರೂ ಗೊತ್ತಿದ್ರೆ ಅದು ನನಗೆ. ಆ ಮಳೆಗಾಲದಲ್ಲಿ ಎಂಟು ಭಾನುವಾರ ಅಕ್ಕನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೆ. ಸುಸ್ತು ಅಂದಳು, ನವೆ ಅಂದಳು, ಮೂತ್ರದ ಬಣ್ಣಾನೂ ಹೇಳಿದಳು. ಬಾಗಿಲು ಹನ್ನೆರಡು ಹೆಜ್ಜೆ ಇತ್ತು. ಬಾರೇ ಇಲ್ಲಿ ಅಂತ ಒಂದು ಸಲಾನೂ ಕೈ ಹಿಡಿದು ಕರ್ಕೊಂಡು ಹೋಗಲಿಲ್ಲ.

ಕಟ್ಟೆ ಹಿಡ್ಕೊಂಡೆ. ಭಾವ ಸ್ಟೂಲು ತಳ್ಳಿದ್ರು, ಕೂತೆ.

"ಇದು ನಿಮಗೆ ಗೊತ್ತಿತ್ತು" ಅಂದೆ.

"ಹ್ಞೂಂ."

"ಯಾವಾಗಿಂದ?"

"ಆಸ್ಪತ್ರೆಯಿಂದಾನೇ. ನಿನ್ನ ಕೆಲಸ ನನಗೆ ಗೊತ್ತಿಲ್ವಾ?"

"ಆವತ್ತು ಅಷ್ಟು ಜನರ ಮುಂದೆ ಬೈದೆನಲ್ಲ. ನನ್ನ ಮುಖಕ್ಕೆ ಎಸೀಬಹುದಿತ್ತು."

ಭಾವ ಪೆಟ್ಟಿಗೆಯ ಮೂರೂ ದೀಪಗಳನ್ನ ಒಂದೊಂದಾಗಿ ಆರಿಸಿದ್ರು. "ಎಸೆದಿದ್ರೆ ನೀನೂ ನನ್ನ ಹಾಗೇ ಆಗ್ತಿದ್ದೆ. ಹೀಗೆ ಬದುಕಕ್ಕೆ ಒಬ್ಬರು ಸಾಕು ಅನ್ನಿಸ್ತು" ಅಂದ್ರು. ನಾನು ಸೆರಗು ಬಾಯಿಗೆ ಒತ್ಕೊಂಡು ಅತ್ತೆ. ಅಕ್ಕ ಹೋದ ದಿನ ಹಾಗೆ ಅತ್ತಿರಲಿಲ್ಲ, ಆವತ್ತು ಕೋಪವೇ ಪೂರ್ತಿ ತುಂಬಿತ್ತು. ಯಾರೋ ಗಿರಾಕಿ ಬಂದು ನೋಡಿ ಹಾಗೇ ವಾಪಸ್ ಹೋದ್ರು.

ಮಾರನೇ ದಿನ ಬೆಳಿಗ್ಗೆ ಭಾವ ದೀಪ ಕಟ್ಟಕ್ಕೆ ಬಂದ್ರು. ನನ್ನ ಮೇಜಿನ ಮೇಲೆ ಒಂದು, ಬಿಗೋನಿಯಾದ ಮೇಲೆ ಒಂದು, ಎಲೆಯಿಂದ ಸರಿಯಾಗಿ ಒಂದು ಮೊಳ. "ನೂರಕ್ಕೆ ತೊಂಬತ್ತರ ಮೇಲೆ ಬಣ್ಣ ನಿಜ ತೋರಿಸೋದು, ಡಬ್ಬಿ ಮೇಲೆ ಬರೆದಿರುತ್ತೆ ನೋಡು. ಸಂಜೆ ಆದ ಮೇಲೆ ಗಿಡದ್ದು ಆರಿಸು, ನೀನೂ ಮನೆಗೆ ಹೋಗು. ಆದ್ರೂ ದಾರಾನ ಮೆಟ್ಟಿಲು ಹತ್ತಿ ನೋಡೋದು ಬಿಡಬೇಡ" ಅಂತ ಮೇಲಿಂದ ಹೇಳ್ತಾ ಇದ್ರು. ನಾನು ಸ್ಟೂಲು ಹಿಡ್ಕೊಂಡಿದ್ದೆ. ದೀಪ ಹತ್ತಿತು. ಬಿಗೋನಿಯಾದ ಬುಡದಲ್ಲಿ ಎರಡು ಎಲೆ ಹಳದಿ ಆಗಿರೋದು ಎದ್ದು ಕಾಣ್ತು, ಚಿಗುರು ಮಾತ್ರ ಗಟ್ಟಿ ಇತ್ತು. ಭಾವ ಕೆಳಗೆ ಬಗ್ಗಿ ನನ್ನ ಮುಖ ನೋಡಿದ್ರು. ಮೊದಲ ದಿನ ಸ್ಟೂಲಿನ ಮೇಲಿಂದ ಅಕ್ಕನಿಗೆ ಹೇಳಿದ ಮಾತು ಇಬ್ಬರಿಗೂ ನೆನಪಾಯ್ತು ಅಂತ ಕಾಣುತ್ತೆ, ಯಾರೂ ಆಡಲಿಲ್ಲ.

ಇಳಿದು ಬಂದು, ಕೈ ಒರೆಸ್ಕೊಂಡು, "ಮೇಲೆ ನೋಡು" ಅಂದ್ರು. ಹೆಬ್ಬೆರಳಲ್ಲಿ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ಆ ಕಣ್ಣು ಈ ಕಣ್ಣು ನೋಡಿದ್ರು. "ಬಿಳಿ ಇದೆ" ಅಂದ್ರು.

"ಈಗ ನೀವು ಬಗ್ಗಿ" ಅಂದೆ.

ಈಗ ಭಾನುವಾರ ಭಾನುವಾರ ಬರ್ತಾರೆ. ಮೊದಲು ನಾನು ಅವರ ಕಣ್ಣು ನೋಡ್ತೀನಿ, ಅವರು ನನ್ನ ಕಣ್ಣು ನೋಡ್ತಾರೆ. ಆಮೇಲೆ ಇಬ್ಬರೂ ಸೇರಿ ಅಕ್ಕನ ಬಿಗೋನಿಯಾವನ್ನ ತಿರುಗಿಸಿ ನೋಡ್ತೀವಿ. ಹಳದಿ ಎಲೆ ಸಿಕ್ಕಿದ್ರೆ ಕೀಳಲ್ಲ, ಉದುರೋ ತನಕ ಹಾಗೇ ಬಿಡ್ತೀವಿ.